ಥಂಡಿಯಲ್ಲಿ ಪಿಕಪ್ ಹೊದಿಕೆ: ತಾಡಪತ್ರಿಯೋ, ಟಿಚ್ ಬಟನ್ನೋ, ಸುರುಳಿಯೋ?

ದೀಪಾವಳಿಯ ಆಕಾಶಬುಟ್ಟಿ ಇಳಿಸುವ ಹೊತ್ತಿಗೆ ಪುಣೆಯ ಬೆಳಗಿನ ಗಾಳಿ ಬದಲಾಗಿರುತ್ತದೆ. ಆಗಿನಿಂದ ಸಂಕ್ರಾಂತಿಯವರೆಗೂ ನನ್ನ ಫೋನಿಗೆ ಒಂದೇ ತಕರಾರು. "ಅಣ್ಣಾ, ಹಿಂದಿನ ಕವರ್ ಗುಂಡಿ ಕೂಡವಲ್ದು. ನಿನ್ನೆ ಸಂಜೀಮುಂದ ಬರೋಬ್ಬರಿ ಕುಂತಿತ್ತು, ಇವತ್ತ ಮುಂಜಾನೆ ಎರಡು ಬೆರಳು ಕಡಿಮಿ ಬೀಳಾಕತ್ತೈತಿ!"

ಈ ವರ್ಷ ಕೇಳಿದವರು ಮೂವರು. ಒಬ್ಬ ನಿಪ್ಪಾಣಿ ಕಡೆಯ ಹುಡುಗ, ಮೇಲಿನ ಮಾತು ಅವನದೇ. ಭೋಸರಿಯಲ್ಲಿ ಮನೆ, ಕೈಯಲ್ಲಿ ಬೊಲೆರೊ ಪಿಕಪ್. ಥಂಡಿ ಕಾಲ ಪೂರ್ತಿ ಮಹಾಬಳೇಶ್ವರದ ಸ್ಟ್ರಾಬೆರಿಯನ್ನು ಗುಲ್ಟೇಕಡಿ ಮಾರ್ಕೆಟ್ ಯಾರ್ಡಿಗೆ ತರುತ್ತಾನೆ. ಎರಡನೆಯವರು ಕುಂದಾಪುರದ ಶೆಟ್ಟರು. ಒಂದು ಅಡುಗೆಮನೆ, ಮೂರು ಹೋಟೆಲು. ನಸುಕಿನ ನಾಲ್ಕೂವರೆಗೆ ದೋಸೆ ಹಿಟ್ಟಿನ ಡಬ್ಬಿ, ತೆಂಗಿನಕಾಯಿ, ತರಕಾರಿ ಸಣ್ಣ ಗಾಡಿಯಲ್ಲಿ ಸುತ್ತಬೇಕು. ಮೂರನೆಯವರು ಬಾಣೇರಿನ ಗಂಡ-ಹೆಂಡತಿ. ಇಬ್ಬರೂ ಕಂಪ್ಯೂಟರ್ ಕೆಲಸದವರು, ಇಸುಝು ವಿ-ಕ್ರಾಸ್ ಪಿಕಪ್ ಕೊಂಡಿದ್ದಾರೆ, ಫೆಬ್ರವರಿಯಲ್ಲಿ ಹಿಮಾಚಲದ ಸ್ಪಿತಿಗೆ ಹೋಗುವ ಹುಮ್ಮಸ್ಸು. ಮೂವರಿಗೂ ಬೇಕಾದದ್ದು ಗಾಡಿಯ ಹಿಂಭಾಗ ಮುಚ್ಚಲು ಒಂದು ಹೊದಿಕೆ. ಆದರೆ ಒಂದೇ ಉತ್ತರ ಹೇಳಿದ್ದರೆ ಇಬ್ಬರಿಗಾದರೂ ನಷ್ಟ ಮಾಡಿದಂತಾಗುತ್ತಿತ್ತು.

ಕೊಳ್ಳುವ ಮೊದಲು ನೋಡಬೇಕಾದದ್ದನ್ನು ಹೇಳಿಬಿಡುತ್ತೇನೆ.

ಮೊದಲನೆಯದು, ಥಂಡಿಯಲ್ಲಿ ನೀವು ಅದನ್ನು ಎಷ್ಟು ಸಲ ಮುಟ್ಟುತ್ತೀರಿ. ಊರಿನ ಥಂಡಿ ಎಷ್ಟು ಅನ್ನುವುದಕ್ಕಿಂತ ಇದು ಮುಖ್ಯ. ಬಿಗಿಯಾಗಿ ಎಳೆದು ಕಟ್ಟಿದ ರೆಕ್ಸಿನ್ ಹೊದಿಕೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೂ ಸುಮ್ಮನೆ ಬಿದ್ದಿದ್ದರೆ ಅದಕ್ಕೇನೂ ಆಗುವುದಿಲ್ಲ. ಅದೇ ಹೊತ್ತಿನಲ್ಲಿ ಮಡಿಚಿದರೆ, ಸುತ್ತಿದರೆ, ಮೂಲೆ ಹಿಡಿದು ಜಗ್ಗಿದರೆ ಸೀಳುತ್ತದೆ. ಎರಡನೆಯದು, ಏಪ್ರಿಲ್-ಮೇನಲ್ಲಿ ಗಾಡಿ ಎಲ್ಲಿ ನಿಲ್ಲುತ್ತದೆ. ಥಂಡಿಯ ವಿಷಯದಲ್ಲಿ ಬೇಸಿಗೆ ಯಾಕೆ ಬಂತು ಎಂದರೆ, ಅಲ್ಲೇ ಇರುವುದು ಗುಟ್ಟು, ಮುಂದೆ ಹೇಳುತ್ತೇನೆ. ಮೂರನೆಯದು ಇಬ್ಬನಿ: ನಿಮ್ಮ ಮಾಲು ಹಣ್ಣಿನಂತೆ ಉಸಿರಾಡಿ ತೇವ ಬಿಡುತ್ತದೆಯೋ ಇಲ್ಲವೋ. ನಾಲ್ಕನೆಯದು ಎತ್ತರ: ಮಾಲು ಬಾಡಿಯ ಅಂಚಿಗಿಂತ ಮೇಲೆ ಬರುವುದಾದರೆ ಅರ್ಧಕ್ಕರ್ಧ ಆಯ್ಕೆಗಳು ಅಲ್ಲೇ ಹೋದವು. ಇನ್ನು ಕಳ್ಳರ ಭಯ, ಕೆಟ್ಟರೆ ಹೊಲಿದು ಕೊಡುವವರು ಸಿಗುವ ಮಾತು, ಮತ್ತು ದುಡ್ಡು. ದುಡ್ಡನ್ನು ವರ್ಷದ ಲೆಕ್ಕದಲ್ಲಿ ನೋಡಿ. ಎರಡು ವರ್ಷಕ್ಕೆ ಹರಿಯುವ ಅಗ್ಗದ್ದು, ಎಂಟು ವರ್ಷ ಬರುವ ತುಟ್ಟಿಯದಕ್ಕಿಂತ ಅಗ್ಗವೇ ಆಗಿರಬೇಕೆಂದಿಲ್ಲ, ಆಗಿರಬಾರದೆಂದೂ ಇಲ್ಲ.

ನಮ್ಮ ಥಂಡಿ ಎಂಥದ್ದು ಎಂಬುದೂ ಗೊತ್ತಿರಲಿ. ಪುಣೆಯಲ್ಲಿ ಡಿಸೆಂಬರ್-ಜನವರಿಯ ಮುಂಜಾವು ಗಟ್ಟಿ ಥಂಡಿ ಬಿದ್ದ ದಿನ 8-10 ಡಿಗ್ರಿಗೆ ಇಳಿಯುತ್ತದೆ. 1935ರ ಜನವರಿಯಲ್ಲಿ ಒಮ್ಮೆ 1.7 ಡಿಗ್ರಿ ಮುಟ್ಟಿತ್ತು. ಮುಂಬೈಯಲ್ಲಿ 1962ರ ಜನವರಿಯ 7.4 ಡಿಗ್ರಿಯೇ ಇವತ್ತಿಗೂ ಜನ ಎತ್ತಿ ಆಡುವ ದಾಖಲೆ. ಗೋವಾದವರು ಈ ಬರಹದ ಥಂಡಿಯ ಭಾಗ ಬಿಟ್ಟು ಬಿಸಿಲು-ಮಳೆಯ ಭಾಗ ಓದಿದರೆ ಸಾಕು. ಮಹಾಬಳೇಶ್ವರದ ವೇಣ್ಣಾ ಕೆರೆಯ ಸುತ್ತ ಮಾತ್ರ ಕೆಲವು ಬೆಳಗು ಹುಲ್ಲಿನ ಮೇಲೆ, ನಿಂತ ಗಾಡಿಗಳ ಟಪ್ಪಿನ ಮೇಲೆ ಇಬ್ಬನಿ ಬಿಳಿಯಾಗಿ ಹೆಪ್ಪುಗಟ್ಟುತ್ತದೆ. ನಮ್ಮ ಸೀಮೆಯಲ್ಲಿ ನಿಜವಾದ ಮಂಜು ಅಂದರೆ ಅಷ್ಟೇ. ಸ್ಪಿತಿಯ ಕಾಝಾ 3,600 ಮೀಟರಿಗಿಂತ ಎತ್ತರ. ಫೆಬ್ರವರಿ ರಾತ್ರಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಹೋಗುವುದು ಅಲ್ಲಿ ದೊಡ್ಡ ಸುದ್ದಿಯಲ್ಲ.

ರೆಕ್ಸಿನ್ ಯಾಕೆ ಬಿಗಿಯುತ್ತದೆ

ನಾವು ರೆಕ್ಸಿನ್ ಅನ್ನುವುದು, ಅಂಗಡಿಯವರು ವಿನೈಲ್ ಅನ್ನುವುದು, ಎರಡೂ ಪಿವಿಸಿ. ಪಿವಿಸಿ ಹುಟ್ಟಾ ಗಟ್ಟಿ; ಮನೆಯ ನೀರಿನ ಪೈಪನ್ನು ನೆನಪಿಸಿಕೊಳ್ಳಿ. ಅದಕ್ಕೆ ಎಣ್ಣೆಯಂಥ ಮೆದುಕಾರಕವನ್ನು ಬೆರೆಸಿ ಬಟ್ಟೆಯಂತೆ ಬಾಗುವ ಹಾಗೆ ಮಾಡಿರುತ್ತಾರೆ. ಥಂಡಿ ಏರಿದಂತೆ ಆ ಮೆದುತನ ಇಳಿದು, ಹಾಳೆ ತನ್ನ ಪೈಪಿನ ಗುಣಕ್ಕೆ ಮರಳುತ್ತದೆ. ಬಿಸಿಯಾದರೆ ಮತ್ತೆ ಮೆದು. ಇಷ್ಟಾದರೆ ತೊಂದರೆಯಿಲ್ಲ, ದಿನಾ ನಡೆಯುವ ಆಟ.

ತೊಂದರೆ ಬೇಸಿಗೆಯದ್ದು. ಪುಣೆಯ 40 ಡಿಗ್ರಿ ಬಿಸಿಲಲ್ಲಿ ಕಪ್ಪು ರೆಕ್ಸಿನ್ ಕೈ ಇಡಲಾಗದಷ್ಟು ಕಾಯುತ್ತದೆ. ಆ ಕಾವಿಗೆ ಮೆದುಕಾರಕ ಚೂರುಚೂರೇ ಹೊರಬಂದು ಹಾರಿಹೋಗುತ್ತದೆ. ಮಾರುಕಟ್ಟೆಯ ಅಗ್ಗದ ಸೀಟ್ ಕವರಿನ ವಾಸನೆ, ಒಳಗಿನ ಗಾಜಿಗೆ ಹತ್ತುವ ಜಿಡ್ಡಿನ ಪೊರೆ, ಇವೆಲ್ಲ ಅದೇ. ಮೂರು ಬೇಸಿಗೆ ಹೀಗೆ ಕಳೆದ ಹೊದಿಕೆ ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಹೊಸದಿದ್ದಾಗ ಸೊನ್ನೆಗಿಂತ ಇಪ್ಪತ್ತು ಕೆಳಗೆ ತಡೆಯುತ್ತಿದ್ದದ್ದು ಈಗ ಸೊನ್ನೆಗೇ ಸೀಳಬಹುದು. ಜನ ಬೈಯುವುದು ಸ್ಪಿತಿಯ ಥಂಡಿಯನ್ನು. ಹೊದಿಕೆ ಸತ್ತದ್ದು ಬಾಣೇರಿನ ಬಯಲು ಪಾರ್ಕಿಂಗಿನಲ್ಲಿ. ಕಾಝಾದಲ್ಲಿ ಆದದ್ದು ಪಂಚನಾಮೆ ಮಾತ್ರ.

ಇದು ನನ್ನ ಸ್ವಂತ ದುಡ್ಡು ಕೊಟ್ಟು ಕಲಿತ ಪಾಠ. ನನ್ನ ಸುರುಳಿ ಕವರ್ ನಾಲ್ಕನೆಯ ವರ್ಷದಲ್ಲಿ, ಹೊರಗೆ ಇನ್ನೂ ಬೆಳಕು ಸರಿಯಾಗಿ ಬಿದ್ದಿರದ ಹೊತ್ತಿನಲ್ಲಿ, ಸ್ಟೋವ್ ತೆಗೆಯಲೆಂದು ಸುತ್ತುವಾಗ ಮೂಲೆಯಿಂದ ಚಟ್ಟನೆ ಸೀಳಿತು. ಚಹಾ ಕುಡಿಯುವ ಅವಸರ. ಒಂದು ತಾಸು ಕಾದಿದ್ದರೆ ಬಿಸಿಲು ಬರುತ್ತಿತ್ತು.

ಇನ್ನೊಂದು ಸಂಗತಿ ಕುಗ್ಗುವುದು. ಐದಡಿ ಉದ್ದದ ಉಕ್ಕಿನ ಬಾಡಿ 30 ಡಿಗ್ರಿ ತಂಪಾದರೆ ಅರ್ಧ ಮಿಲಿಮೀಟರಿನಷ್ಟು ಕುಗ್ಗುತ್ತದೆ, ಅಲ್ಯುಮಿನಿಯಂ ಪಟ್ಟಿ ಒಂದು ಮಿಲಿಮೀಟರ್. ಮೆದು ಪಿವಿಸಿ ಅದರ ಕೆಲವು ಪಟ್ಟು ಕುಗ್ಗುತ್ತದೆ. ಅಂದರೆ ನಿಪ್ಪಾಣಿ ಹುಡುಗನ "ಎರಡು ಬೆರಳು" ಅವನ ಸಿಟ್ಟಿನ ಅಳತೆ. ನಿಜಕ್ಕೆ ಕೆಲವೇ ಮಿಲಿಮೀಟರ್. ಆದರೆ ಹಾಳೆ ಬಿಗಿದಿರುವುದರಿಂದ ಆ ಕೆಲವು ಮಿಲಿಮೀಟರನ್ನು ಕೈಯಿಂದ ಎಳೆದು ಕೂಡಿಸಲು ಆಗುವುದಿಲ್ಲ, ಟಿಚ್ ಬಟನ್ ಸಿಗುವುದಿಲ್ಲ. ಒಳಗೆ ಪಾಲಿಯೆಸ್ಟರ್ ನೇಯ್ಗೆ ಇರುವ ಹಾಳೆ ಕಡಿಮೆ ಕುಗ್ಗುತ್ತದೆ. ಕೊಳ್ಳುವಾಗ ಹಿಂಬದಿ ತಿರುಗಿಸಿ ನೇಯ್ಗೆ ಇದೆಯೇ ನೋಡಿ.

ಎಚ್‌ಡಿಪಿಇ ತಾಡಪತ್ರಿ ಮತ್ತು ಹಗ್ಗ

ನೀಲಿ, ಹಳದಿ, ಬೆಳ್ಳಿ ಬಣ್ಣಗಳಲ್ಲಿ ರಸ್ತೆ ಬದಿಯಲ್ಲೇ ಸಿಗುವಂಥದ್ದು. ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ಕಿನ ಪಟ್ಟಿಗಳ ನೇಯ್ಗೆ, ಎರಡೂ ಕಡೆ ತೆಳು ಲೇಪ. ಹೆಚ್ಚು ಜನರಿಗೆ ಗೊತ್ತಿಲ್ಲದ ವಿಷಯವೆಂದರೆ, ಥಂಡಿಯ ಮಟ್ಟಿಗೆ ಈ ಪಟ್ಟಿಯಲ್ಲಿರುವ ಎಲ್ಲ ಮೆದು ಹೊದಿಕೆಗಳಿಗಿಂತ ಇದೇ ಗಟ್ಟಿ. ಇದರ ಪ್ಲಾಸ್ಟಿಕ್ಕಿಗೆ ಮೆದುಕಾರಕವೇ ಬೇಡ, ಸ್ವಭಾವದಲ್ಲೇ ಬಾಗುತ್ತದೆ. ಲಡಾಖಿನ ಥಂಡಿಯಲ್ಲೂ ಗಾಜಿನಂತೆ ಒಡೆಯುವುದಿಲ್ಲ. ಕೊಲ್ಲುವುದು ಬಿಸಿಲು. ನೇರಳಾತೀತ ಕಿರಣ ತಡೆಯುವ ಮದ್ದು ಬೆರೆಸದ ಮಾಲಾದರೆ ಒಂದೆರಡು ಬೇಸಿಗೆಯಲ್ಲಿ ಒಣ ಎಲೆಯಂತೆ ಉದುರುತ್ತದೆ.

ದಪ್ಪವನ್ನು ಜಿಎಸ್‌ಎಂನಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ. ಗಾಡಿಗೆ 200ಕ್ಕಿಂತ ಕೆಳಗಿನದ್ದು ಬೇಡ. ಅಂಗಡಿಯವನ ಬಾಯಿಮಾತು ನಂಬದೆ ತೂಕಕ್ಕಿಡಿಸಿ: 12 ಅಡಿಗೆ 9 ಅಡಿಯ ತಾಡಪತ್ರಿ ಸುಮಾರು 10 ಚದರ ಮೀಟರ್, 200 ಜಿಎಸ್‌ಎಂ ಆದರೆ ಎರಡು ಕಿಲೋ ತೂಗಬೇಕು. ಒಂದೂಕಾಲು ಕಿಲೋ ತೂಗಿದರೆ ಅರ್ಥವಾಯಿತಲ್ಲ.

ಗುಣವೆಂದರೆ ಅಗ್ಗ; ಒಂದೆರಡು ಸಾವಿರದೊಳಗೆ ಕೆಲಸ ಮುಗಿಯುತ್ತದೆ. ಎತ್ತರದ ಮಾಲಿಗೂ ಆಗುತ್ತದೆ. ದೋಷವೆಂದರೆ ಹಗ್ಗ ಬಿಚ್ಚಿ ಕಟ್ಟುವ ರಗಳೆ, ಹೈವೇಯಲ್ಲಿ ಪಟಪಟ ಸದ್ದು, ಆ ಬಡಿತಕ್ಕೆ ಮೊದಲು ಕಿತ್ತು ಬರುವ ಹಿತ್ತಾಳೆ ರಿಂಗು. ಮತ್ತು ಇದು ಉಸಿರಾಡುವುದಿಲ್ಲ. ಮುಂಜಾವಿನಲ್ಲಿ ಬೆರಳು ಮರಗಟ್ಟಿದಾಗ ನೈಲಾನ್ ಹಗ್ಗದ ಗಂಟು ಬಿಚ್ಚುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಹಗ್ಗ ಬಿಟ್ಟು ಬಕಲ್ ಇರುವ ಬೆಲ್ಟ್ ಹಾಕಿಸಿ, ಆ ಕಷ್ಟ ಅರ್ಧಕ್ಕೆ ಇಳಿಯುತ್ತದೆ.

ಹತ್ತಿಯ ಕ್ಯಾನ್ವಾಸ್

ನಮ್ಮ ಅಜ್ಜಂದಿರ ಕಾಲದ ಲಾರಿ ತಾಡಪತ್ರಿ ಇದೇ. ಮೇಣ ಹಚ್ಚಿದ ದಪ್ಪ ಹತ್ತಿ ಬಟ್ಟೆ. ಮಳೆ ಬಿದ್ದಾಗ ನೂಲು ಉಬ್ಬಿ ತೂತುಗಳು ತಾವೇ ಮುಚ್ಚಿಕೊಳ್ಳುತ್ತವೆ. ಒಣಗಿದಾಗ ಮತ್ತೆ ಗಾಳಿ ಬಿಡುತ್ತದೆ. ಸ್ಟ್ರಾಬೆರಿ, ಹೂವು, ಕೊತ್ತಂಬರಿ ಸಾಗಿಸುವವರು ಇದನ್ನು ಹಳೆಯದೆಂದು ತಳ್ಳಿಹಾಕಬಾರದು.

ಕಾರಣ ಇಬ್ಬನಿ. ಮೋಡವಿಲ್ಲದ ಥಂಡಿ ರಾತ್ರಿಯಲ್ಲಿ ಹೊದಿಕೆ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಅದಕ್ಕೇ ಬೆಳಿಗ್ಗೆ ಗಾಡಿಯ ಟಪ್ಪು ತೊಯ್ದಿರುವುದು. ಒಳಗೆ ಹಣ್ಣು ಉಸಿರಾಡುತ್ತ ತೇವ ಬಿಡುತ್ತಿರುತ್ತದೆ. ಪ್ಲಾಸ್ಟಿಕ್ ಹೊದಿಕೆಯಾದರೆ ಆ ತೇವ ಕೆಳಮೈಗೆ ಹನಿಗಟ್ಟಿ, ಪಸರಣಿ ಘಾಟಿನ ತಿರುವುಗಳಲ್ಲಿ ಹಣ್ಣಿನ ಮೇಲೇ ಉದುರುತ್ತದೆ. ತೊಯ್ದ ಸ್ಟ್ರಾಬೆರಿ ಎಷ್ಟು ಬೇಗ ಬೂಸು ಹಿಡಿಯುತ್ತದೆಂದು ಯಾರ್ಡಿನ ಆಡತಿಯವರಿಗೆ ಹೇಳಿಕೊಡಬೇಕಿಲ್ಲ, ದರ ಕಡಿಯಲು ಅವರಿಗೆ ಅಷ್ಟೇ ಸಾಕು. ಕ್ಯಾನ್ವಾಸ್ ಆ ತೇವವನ್ನು ಹೀರಿ ಹೊರಗೆ ಬಿಡುತ್ತದೆ.

ಇದರ ಕಾಟಗಳೂ ಕಡಿಮೆಯಿಲ್ಲ. ಒದ್ದೆಯಾದರೆ ಇಬ್ಬರು ಎತ್ತಬೇಕಾದಷ್ಟು ಭಾರ. ಒದ್ದೆ ಇದ್ದಾಗಲೇ ಮಡಿಚಿಟ್ಟರೆ ಕಪ್ಪು ಚುಕ್ಕಿಯ ಬೂಸು, ಹಳೇ ಗೋಣಿಚೀಲದ ವಾಸನೆ. ವರ್ಷ ಎರಡು ವರ್ಷಕ್ಕೊಮ್ಮೆ ಮೇಣ ಹಚ್ಚಿಸಬೇಕು. ಪುಣೆಯ ಥಂಡಿಗೆ ಚಿಂತೆಯಿಲ್ಲ. ಆದರೆ ಸೊನ್ನೆಗಿಂತ ಕೆಳಗಿನ ಊರಿಗೆ ಒದ್ದೆ ಕ್ಯಾನ್ವಾಸ್ ಒಯ್ಯಬೇಡಿ: ಒಳಗಿನ ನೀರು ಹೆಪ್ಪುಗಟ್ಟಿ ಬೆಳಿಗ್ಗೆ ಅದು ತಗಡಿನ ಹಾಳೆಯಾಗಿರುತ್ತದೆ, ಮಡಿಚಲೂ ಬಾರದು ಬಿಚ್ಚಲೂ ಬಾರದು. ಮುಂಬೈ-ಕೊಂಕಣದ ನಾಲ್ಕು ತಿಂಗಳ ಮಳೆಗೂ ಇದು ಹೇಳಿ ಮಾಡಿಸಿದ್ದಲ್ಲ.

ಅಳತೆಗೆ ಹೊಲಿಸಿದ ಪಿವಿಸಿ ಹೊದಿಕೆ

ಪಾಲಿಯೆಸ್ಟರ್ ನೇಯ್ಗೆಯ ಎರಡೂ ಕಡೆ ಪಿವಿಸಿ ಲೇಪಿಸಿದ, 500ರಿಂದ 700 ಜಿಎಸ್‌ಎಂ ದಪ್ಪದ ಹಾಳೆ. ಜೋಡುವ ಕಡೆ ದಾರದ ಬದಲು ಬಿಸಿಯಿಂದ ಅಂಟಿಸುತ್ತಾರೆ, ಹಾಗಾಗಿ ಸೂಜಿ ತೂತಿನಿಂದ ನೀರು ಇಳಿಯುವುದಿಲ್ಲ. ನಾನಾ ಪೇಠೆಯಂಥ ಗಾಡಿ ಸಾಮಾನಿನ ಪೇಟೆಗಳಲ್ಲಿ, ಸೀಟ್ ಕವರ್ ಹೊಲಿಯುವವರಲ್ಲಿ ನಿಮ್ಮ ಗಾಡಿ ಅಳೆದು ಮಾಡಿಕೊಡುತ್ತಾರೆ. ಕೆಲವು ಸಾವಿರ ರೂಪಾಯಿಯ ಬಾಬತ್ತು. ದುಡಿಯುವ ಗಾಡಿಗೆ ನನ್ನ ಮೊದಲ ಒಲವು ಇದರ ಕಡೆಗೇ. ಹರಿದರೆ ಅದೇ ಹಾಳೆಯ ತುಂಡು ಬಿಸಿಮಾಡಿ ತೇಪೆ ಹಾಕುತ್ತಾರೆ, ಹೆದ್ದಾರಿಯ ಯಾವ ಊರಿನಲ್ಲೂ.

ಇಲ್ಲಿ ಗಮನಿಸಬೇಕಾದದ್ದು ಗುಂಡಿ ಕೂರಿಸುವ ದಿನ. ನನಗೆ ಇದನ್ನು ಹೇಳಿಕೊಟ್ಟವರು ಪೇಠೆಯ ಒಬ್ಬ ಮರಾಠಿ ಕಾಕಾ. ಜನವರಿಯ ಬೆಳಿಗ್ಗೆ ಎಂಟಕ್ಕೇ ಅವರ ಅಂಗಡಿ ಮುಂದೆ ನಿಂತಿದ್ದೆ. ಚಹಾ ಕುಡಿಸಿ, "ಥಂಡೀತ್ ನಕೋ, ಉನ್ಹಾತ್ ಯಾ" ಎಂದು ವಾಪಸು ಕಳಿಸಿದರು. ಥಂಡಿಯಲ್ಲಿ ಬೇಡ, ಬಿಸಿಲಲ್ಲಿ ಬನ್ನಿ. ಲೆಕ್ಕ ಸರಿಯಾಗಿತ್ತು. ಥಂಡಿಯಲ್ಲಿ ಕುಗ್ಗಿದ ಹಾಳೆಗೆ ಸರಿಯಾಗಿ ಗುಂಡಿ ಕೂರಿಸಿದರೆ ಬೇಸಿಗೆಯಲ್ಲಿ ಅದು ಸಡಿಲಾಗಿ ಜೋಲುತ್ತದೆ, ಜೂನ್‌ನಲ್ಲಿ ಆ ಜೋಲಿನಲ್ಲಿ ನೀರು ನಿಲ್ಲುತ್ತದೆ. ಹಾಗೆಂದು ಮೇ ತಿಂಗಳ ಮಟಮಟ ಮಧ್ಯಾಹ್ನ ಎಳೆದು ಕೂರಿಸಿದರೆ ಮುಂದಿನ ಜನವರಿಯಲ್ಲಿ ಗುಂಡಿಯೇ ಸಿಗುವುದಿಲ್ಲ. ಪುಣೆಯಲ್ಲಿ ಇದಕ್ಕೆ ಹದವಾದ ಹೊತ್ತು ನವೆಂಬರ್ ಅಥವಾ ಫೆಬ್ರವರಿಯ ಹನ್ನೊಂದು ಗಂಟೆ. ಹಾಳೆಯನ್ನು ಬಿಸಿಲಲ್ಲಿ ಅರ್ಧ ತಾಸು ಹಾಸಿಟ್ಟು ಆಮೇಲೆ ಎಳೆಯಲಿ.

ನೀರು ನಿಲ್ಲುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವಿ-ಕ್ರಾಸ್‌ನಂಥ ಗಾಡಿಯ ಹಿಂಭಾಗ ಸುಮಾರು ಐದಡಿಗೆ ಐದಡಿ. ಅದರ ತುಂಬ ಒಂದೇ ಸೆಂಟಿಮೀಟರ್ ನೀರು ನಿಂತರೆ 23 ಕಿಲೋ. ಹಿಮಾಲಯದಲ್ಲಿ ಅಷ್ಟೇ ತೂಕ ಬೀಳಲು ಹೊಸ ಹಿಮ ಹತ್ತು ಸೆಂಟಿಮೀಟರ್ ಬೇಕು, ಒಣ ಹಿಮವಾದರೆ ಇನ್ನೂ ಹೆಚ್ಚು. ಹಿಮಕ್ಕೆ ಹೆದರುವವರು ಲೋಣಾವಳದ ಜುಲೈಗೆ ಅದಕ್ಕಿಂತ ಹೆದರಬೇಕು. ಅಡ್ಡಕ್ಕೆ ಎರಡು ಕಮಾನು ಪಟ್ಟಿ ಹಾಕಿಸಿ ನಡು ಭಾಗ ಸ್ವಲ್ಪ ಎತ್ತರವಾಗುವಂತೆ ಮಾಡಿಸಿ.

ಮೆದು ಟೊನೊ ಕವರು: ಗುಂಡಿ, ಸುರುಳಿ, ಮೂರು ಮಡಿಕೆ

ಟೊನೊ ಅಂದರೆ ಪಿಕಪ್ಪಿನ ಹಿಂಭಾಗವನ್ನು ಚಪ್ಪಟೆಯಾಗಿ ಮುಚ್ಚುವ ಕವರು. ವಿ-ಕ್ರಾಸ್, ಹೈಲಕ್ಸ್ ಕೊಂಡವರೆಲ್ಲ ಕೇಳುವುದು ಇದನ್ನೇ. ಇಸುಝು ವಿ-ಕ್ರಾಸ್ ಇಲ್ಲಿ 2016ರಲ್ಲಿ, ಟೊಯೋಟಾ ಹೈಲಕ್ಸ್ 2022ರಲ್ಲಿ ಬಂದ ಮೇಲೆ ಈ ಬಗೆಯ ಕವರಿಗೆ ಗಿರಾಕಿ ಹುಟ್ಟಿದ್ದು. ಹತ್ತರಿಂದ ಇಪ್ಪತ್ತು ಸಾವಿರದ ಆಸುಪಾಸು. ಬಾಡಿಯ ಅಂಚಿನ ಮಟ್ಟಕ್ಕೆ ಚಪ್ಪಟೆಯಾಗಿ ಕೂರುತ್ತದೆ, ಆದ್ದರಿಂದ ಎತ್ತರದ ಮಾಲು ಹೇರುವವರು ಮುಂದಿನ ಭಾಗಕ್ಕೆ ಹೋಗಬಹುದು.

ಗುಂಡಿಯದ್ದು ಎಲ್ಲಕ್ಕಿಂತ ಅಗ್ಗ, ಥಂಡಿಯಲ್ಲಿ ಎಲ್ಲಕ್ಕಿಂತ ಹಟಮಾರಿ. ಸುತ್ತಲೂ ಇಪ್ಪತ್ತು ಮೂವತ್ತು ಟಿಚ್ ಬಟನ್. ಒಮ್ಮೆ ಹಾಕಿ ವಾರಗಟ್ಟಲೆ ಮುಟ್ಟದವರಿಗೆ ಪರವಾಗಿಲ್ಲ. ಬೆಳಗಿನ ಜಾವ ದಿನಾ ಬಿಚ್ಚುವವರಿಗೆ ಬೇಡವೇ ಬೇಡ. ಬಿಗಿದ ಹಾಳೆಯ ಮೂಲೆ ಹಿಡಿದು ಎಳೆದರೆ ಗುಂಡಿ ಬಾಡಿಯಲ್ಲೇ ಉಳಿದು ರೆಕ್ಸಿನ್ ತೂತಾಗಿ ಬರುತ್ತದೆ. ಬಿಚ್ಚಲೇಬೇಕಾದರೆ ಹಾಳೆ ಜಗ್ಗದೆ, ಪ್ರತಿ ಗುಂಡಿಯ ಕೆಳಗೆ ಬೆರಳಿಟ್ಟು ಮೇಲೆತ್ತಿ. ಹಾಕುವಾಗ ಮೂಲೆಯಿಂದ ಶುರು ಮಾಡದೆ ಪ್ರತಿ ಬದಿಯ ನಡುವಿನಿಂದ ಮೂಲೆಗೆ ಬನ್ನಿ.

ಸುರುಳಿಯದ್ದು ನನ್ನ ಬಳಿ ಇದ್ದದ್ದು. ಎರಡು ಪಕ್ಕದ ಅಲ್ಯುಮಿನಿಯಂ ಹಳಿಗೆ ವೆಲ್ಕ್ರೊ ಅಂಟಿಕೊಳ್ಳುತ್ತದೆ, ಹಿಂದಿನಿಂದ ಮುಂದಕ್ಕೆ ಚಾಪೆಯಂತೆ ಸುತ್ತಬಹುದು. ಒಬ್ಬರೇ ಅರ್ಧ ನಿಮಿಷದಲ್ಲಿ ತೆರೆಯಬಹುದು, ಗುಂಡಿಯ ಲೆಕ್ಕಾಚಾರವಿಲ್ಲ. ಬಿಗಿತ ಹೊಂದಿಸಲು ಮುಂದೆ ತಿರುಪು ಇರುತ್ತದೆ. ನವೆಂಬರ್‌ನಲ್ಲಿ ಒಂದೆರಡು ಸುತ್ತು ಸಡಿಲಿಸಿ, ಮಾರ್ಚ್‌ನಲ್ಲಿ ಮತ್ತೆ ಬಿಗಿ ಮಾಡಿದರೆ ಕುಗ್ಗುವ ಕಾಟವೇ ಇಲ್ಲ. ಪುಣೆ-ಮುಂಬೈಯೊಳಗೆ ಓಡಾಡುವವರಿಗೆ ಮೆದು ಕವರುಗಳಲ್ಲಿ ಇದೇ ಸರಿ ಎನ್ನುವುದು ನನ್ನ ಮಾತು, ನನ್ನದು ಸೀಳಿದ ಮೇಲೂ. ಹೆಪ್ಪುಗಟ್ಟುವ ಊರಿನಲ್ಲಿ ಮಾತ್ರ ಇದರ ಬಲಹೀನತೆ ಎರಡು. ವೆಲ್ಕ್ರೊದ ಎಳೆಗಳೊಳಗೆ ನೀರು ಸೇರಿ ಹೆಪ್ಪಾದರೆ ಅದು ಬಿಚ್ಚುವುದಿಲ್ಲ, ಬಲವಂತದಿಂದ ಬಿಚ್ಚಿದರೆ ಆಮೇಲೆ ಹಿಡಿಯುವುದಿಲ್ಲ. ಮತ್ತು ಸುತ್ತುವುದೆಂದರೆ ಇಡೀ ಹಾಳೆ ಬಾಗಬೇಕು. ಥಂಡಿಯಲ್ಲಿ ಮಾಡಬಾರದ ಕೆಲಸವನ್ನೇ ಈ ಕವರ್ ಕೇಳುತ್ತದೆ.

ಮೂರು ಮಡಿಕೆಯದ್ದರಲ್ಲಿ ಹಾಳೆಯನ್ನು ಚೌಕಟ್ಟುಗಳಿಗೆ ಎಳೆದು ಕಟ್ಟಿರುತ್ತಾರೆ, ಬಾಗುವುದು ಎರಡು ಕೀಲುಗಳಲ್ಲಿ ಮಾತ್ರ. ಕುಗ್ಗಿದರೂ ಚೌಕಟ್ಟಿನೊಳಗೇ ಕುಗ್ಗುತ್ತದೆ, ಮುಚ್ಚಲು ಕಷ್ಟವಿಲ್ಲ. ಹಿಮದ ಊರಿಗೆ ಮೆದು ಕವರೇ ಬೇಕೆಂದರೆ ಇದನ್ನೇ ಆರಿಸಿ. ದರ ಸ್ವಲ್ಪ ಮೇಲೆ, ಮತ್ತು ಪೂರ್ತಿ ತೆರೆದರೂ ಮುಂದಿನ ಮೂರನೇ ಒಂದು ಭಾಗ ಮಡಿಕೆಯ ರಾಶಿಗೇ ಹೋಗುತ್ತದೆ. ಸವೆಯುವುದು ಆ ಎರಡು ಕೀಲುಗಳ ಮೇಲಿನ ರೆಕ್ಸಿನ್. ಕೊಳ್ಳುವಾಗ ಅಲ್ಲಿ ಎರಡು ಪದರ ಇದೆಯೇ ಎಂದು ಬೆರಳಿಂದ ಹಿಚುಕಿ ನೋಡಿ.

ಯಾವ ಬಗೆಯಾದರೂ ಮಾರುವವರಲ್ಲಿ ಹಾಳೆಯ ಕೋಲ್ಡ್ ಕ್ರ್ಯಾಕ್ ಅಂಕಿ ಕೇಳಿ. ಎಷ್ಟು ಡಿಗ್ರಿಗೆ ಮಡಿಚಿದರೆ ಸೀಳುತ್ತದೆಂದು ಪರೀಕ್ಷಿಸಿ ತಯಾರಕರು ಬರೆಯುವ ಅಂಕಿ ಅದು. "ಏನೂ ಆಗಲ್ಲ ಸರ್" ಎಂಬ ಉತ್ತರ ಬಂದರೆ ಅವರಿಗೆ ಗೊತ್ತಿಲ್ಲವೆಂದೇ ಲೆಕ್ಕ. ಅಂಕಿ ಸಿಕ್ಕರೂ ಅದು ಹೊಸ ಹಾಳೆಯದ್ದು; ಮೂರು ಬೇಸಿಗೆ ಕಂಡದ್ದಕ್ಕೆ ಅನ್ವಯಿಸುವುದಿಲ್ಲ. ಇನ್ನು ಕಳ್ಳತನದ ಮಾತಿಗೆ ಬಂದರೆ ಎಲ್ಲ ಮೆದು ಕವರಿನ ಉತ್ತರವೂ ಒಂದೇ: ಒಂದು ಬ್ಲೇಡ್ ಸಾಕು. ಒಳಗೇನಿದೆ ಎಂದು ಕಾಣದಂತೆ ಮಾಡುತ್ತದೆ, ಅಷ್ಟೇ.

ಗಟ್ಟಿ ಕವರು

ಅಲ್ಯುಮಿನಿಯಂ ಮೂರು ಮಡಿಕೆ, ಹಳಿಯ ಮೇಲೆ ಸರಿಯುವ ಶಟರ್, ಹಿಂಭಾಗದ ಮೇಲೆ ಚಾವಣಿಯಂತೆ ಕೂರುವ ಫೈಬರ್ ಕ್ಯಾನೊಪಿ. ಅರ್ಧ ಲಕ್ಷದ ಆಸುಪಾಸಿನಿಂದ ಮೇಲಕ್ಕೆ. ಬೀಗ ಹಾಕಬಹುದು, ಹಿಮದ ಭಾರ ತಡೆಯುತ್ತದೆ, ರೆಕ್ಸಿನ್ನಿನಂತೆ ಬಿಸಿಲಿಗೆ ಕೆಡುವುದಿಲ್ಲ. ಆದರೆ ಥಂಡಿಯಲ್ಲಿ ರಗಳೆಯೇ ಇಲ್ಲವೆಂದು ತಿಳಿಯಬೇಡಿ: ಶಟರಿನ ಹಳಿಯಲ್ಲಿ ನೀರು ಹೆಪ್ಪುಗಟ್ಟಿದರೆ ಅದೂ ಸರಿಯುವುದಿಲ್ಲ, ಬೀಗದ ತೂತಿನಲ್ಲಿ ಹೆಪ್ಪಾದರೆ ಕೀಲಿ ತಿರುಗುವುದಿಲ್ಲ. ಇಷ್ಟು ದುಡ್ಡು ಹಾಕಿದ ಮೇಲೆ ವಿಮೆಯ ಪಾಲಿಸಿಯಲ್ಲಿ ಹೆಚ್ಚುವರಿ ಸಾಮಾನು ಎಂದು ಬರೆಸಿ. ಬರೆಸದ್ದಕ್ಕೆ ಕ್ಲೇಮ್ ಕೇಳಿದರೆ ವಿಮೆಯವರು ಕೈ ಎತ್ತುತ್ತಾರೆ. ಕ್ಯಾನೊಪಿಯಿಂದ ಗಾಡಿಯ ಆಕಾರವೇ ಬದಲಾಗುವುದರಿಂದ ಆರ್‌ಟಿಒದಲ್ಲಿ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಇರುವುದನ್ನೇ ಥಂಡಿಯಲ್ಲಿ ಸಂಭಾಳಿಸುವುದು

ಹೊಸದು ಕೊಳ್ಳಲು ದುಡ್ಡಿಲ್ಲದವರು, ಅಥವಾ ಈಗಾಗಲೇ ಮೆದು ಕವರ್ ಇರುವವರು ಇದಿಷ್ಟು ಮಾಡಿದರೆ ಎರಡು ವರ್ಷ ಹೆಚ್ಚು ಬರುತ್ತದೆ.

ಗಾಡಿಯನ್ನು ಬೆಳಗಿನ ಬಿಸಿಲು ಬೀಳುವ ಕಡೆ, ಪೂರ್ವಕ್ಕೆ ಹಿಂಭಾಗ ಮಾಡಿ ನಿಲ್ಲಿಸಿ. ಕಪ್ಪು ಹಾಳೆ ಇಪ್ಪತ್ತು ನಿಮಿಷದ ಎಳೆಬಿಸಿಲಿಗೇ ಮೆದುವಾಗುತ್ತದೆ. ಬೇಗ ತೆರೆಯಲೇಬೇಕಾದ ದಿನ ಹಿಂದಿನ ಸಂಜೆಯೇ ಬೇಕಾದ ಸಾಮಾನು ತೆಗೆದು ಕ್ಯಾಬಿನ್ನಿಗೆ ಹಾಕಿ. ಹೆಪ್ಪುಗಟ್ಟಿದ್ದರ ಮೇಲೆ ಬಿಸಿನೀರು ಸುರಿಯಬೇಡಿ. ಆ ಕ್ಷಣಕ್ಕೆ ಕರಗಿ, ಹಳಿಯೊಳಗೆ ಇಳಿದು, ಹತ್ತು ನಿಮಿಷದಲ್ಲಿ ಮೊದಲಿಗಿಂತ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಹಿಮವನ್ನು ಮೆದು ಪೊರಕೆಯಿಂದ ಗುಡಿಸಿ, ಸಲಿಕೆ ಬೇಡ. ಕೊನೆಯ ಪದರ ಅಂಟಿಕೊಂಡಿದ್ದರೆ ಕೆರೆಯದೆ ಹಾಗೇ ಬಿಡಿ.

ರಬ್ಬರ್ ಪಟ್ಟಿ ಮತ್ತು ಗುಂಡಿಗಳಿಗೆ ಸಿಲಿಕೋನ್ ಸ್ಪ್ರೇ ಹಾಕಿ. ಗ್ರೀಸು, ಇಂಜಿನ್ ಆಯಿಲ್ಲು, ಡೀಸೆಲ್ ಹಚ್ಚುವವರನ್ನು ನೋಡಿದ್ದೇನೆ. ಎಣ್ಣೆ ರಬ್ಬರನ್ನು ಉಬ್ಬಿಸುತ್ತದೆ, ರೆಕ್ಸಿನ್ನಿನ ಮೆದುಕಾರಕವನ್ನೂ ಎಳೆದುಕೊಳ್ಳುತ್ತದೆ. ಎಲ್ಲಕ್ಕಿಂತ ದೊಡ್ಡ ಉಪಕಾರ ಥಂಡಿಯಲ್ಲಿ ಮಾಡುವಂಥದ್ದಲ್ಲ: ಮಾರ್ಚ್‌ನಿಂದ ಮೇವರೆಗೆ ಬೇಡವಾದಾಗ ಕವರ್ ಬಿಚ್ಚಿ, ಒಣಗಿಸಿ, ಮಡಿಚದೆ ಹಳೇ ಸೀರೆಯೊಳಗೆ ಸಡಿಲಾಗಿ ಸುತ್ತಿ ಮನೆಯೊಳಗಿಡಿ.

ಮೂವರಿಗೆ ಹೇಳಿದ್ದು

ಸ್ಟ್ರಾಬೆರಿ ಹುಡುಗನ ಕ್ರೇಟುಗಳು ಬಾಡಿಯ ಅಂಚಿಗಿಂತ ಎರಡಡಿ ಮೇಲೆ ಬರುತ್ತವೆ, ಚಪ್ಪಟೆ ಕವರಿನ ಮಾತೇ ಇಲ್ಲ. ಥಂಡಿ ಕಾಲಕ್ಕೆ ಕ್ಯಾನ್ವಾಸ್, ಮಳೆಗಾಲದ ಬೇರೆ ಬಾಡಿಗೆಗಳಿಗೆ 250 ಜಿಎಸ್‌ಎಂ ತಾಡಪತ್ರಿ. ಎರಡೂ ಸೇರಿ ಒಂದು ಒಳ್ಳೆಯ ಪಿವಿಸಿಯ ದರ. ಒಂದೇ ಸಾಕೆಂದು ಹಟ ಹಿಡಿದರೆ ಅಳತೆಯ ಪಿವಿಸಿ ಹೊಲಿಸಿ, ಹಿಂದೆ ಮುಂದೆ ಗಾಳಿಯಾಡಲು ಜಾಳಿಗೆ ಕಿಂಡಿ ಇಡಿಸು ಎಂದೆ. ವಾಯಿ ದಾಟಿ ಖಂಬಾಟಕಿ ಸುರಂಗಕ್ಕೆ ಬರುವಷ್ಟರಲ್ಲಿ ಆ ಗಾಳಿಗೇ ಅರ್ಧ ತೇವ ಹೋಗಿರುತ್ತದೆ.

ಶೆಟ್ಟರದ್ದು ನಸುಕಿನಲ್ಲಿ ಮೂರು ಕಡೆ ತೆರೆಯುವ ಕೆಲಸ, ಚಾಲಕ ಒಬ್ಬನೇ. ಗುಂಡಿಯೂ ಬೇಡ, ಹಗ್ಗವೂ ಬೇಡ. ಕಮಾನು ಪಟ್ಟಿಯ ಮೇಲೆ ಪಿವಿಸಿ ಹೊದಿಕೆ ಕಾಯಮ್ಮಾಗಿ ಕೂರಲಿ, ಹಿಂದೆ ಮಾತ್ರ ಪರದೆಯಂತೆ ಎರಡು ಬೆಲ್ಟಿನಿಂದ ಏಳಲಿ. ಇಡೀ ಹಾಳೆ ಬಾಗಿಸುವ ಪ್ರಸಂಗವೇ ಬಾರದು. "ಹಿಟ್ಟು ಉಬ್ಬುವುದಕ್ಕೆ ಏನಾದರೂ ಉಂಟಾ ಮಾರಾಯ್ರೆ?" ಎಂದು ಕೇಳಿದರು. ಥಂಡಿಗೆ ಹಿಟ್ಟು ಹುಳಿ ಬಾರದ್ದಕ್ಕೆ ಹೊದಿಕೆ ಅಂಗಡಿಯಲ್ಲಿ ಮದ್ದಿಲ್ಲ, ಎರಡು ತಾಸು ಮೊದಲೇ ರುಬ್ಬಿ ಎಂದೆ.

ಬಾಣೇರಿನವರ ಜೊತೆ ಮಾತು ಉದ್ದವಾಯಿತು. ಗಂಡನಿಗೆ ಶಟರ್ ಬೇಕು, ಹೆಂಡತಿಗೆ ಅಷ್ಟು ದುಡ್ಡು ಹಾಕುವ ಮನಸ್ಸಿಲ್ಲ. ವರ್ಷಕ್ಕೊಂದೇ ಹಿಮದ ಪ್ರವಾಸ, ಉಳಿದ ದಿನ ಆಫೀಸು ಮತ್ತು ಮುಳಶಿ. ಗಾಡಿ ನಿಲ್ಲುವುದು ಬಯಲಲ್ಲಿ. ಬಯಲಲ್ಲೇ ನಿಲ್ಲಿಸುವುದಾದರೆ, ವರ್ಷಕ್ಕೆರಡು ಸಲ ಹಿಮಾಲಯಕ್ಕೆ ಹೋಗುವುದಾದರೆ ಗಂಡನ ಮಾತೇ ಸರಿ. ನೆರಳು ಸಿಕ್ಕರೆ ಮೆದು ಮೂರು ಮಡಿಕೆ ಸಾಕು. ಉಳಿದ ದುಡ್ಡಿನಲ್ಲಿ ಬೀಗವಿರುವ ಒಂದು ಗಟ್ಟಿ ಪೆಟ್ಟಿಗೆ ಹಿಂದೆ ಕೂರಿಸಿ, ಬೆಲೆಬಾಳುವುದನ್ನು ಅದರಲ್ಲಿಡಿ. ಹಾಗೆಂದಾಗ ಆಕೆ ಕೇಳಿದ್ದು ಕವರಿನ ಬಗ್ಗೆ ಅಲ್ಲ, ಸೊಸೈಟಿಯ ನೆಲಮಾಳಿಗೆಯಲ್ಲಿ ಅಷ್ಟು ಉದ್ದದ ಗಾಡಿ ಹಿಡಿಯುತ್ತದೆಯೇ ಎಂದು. ಮರುದಿನ ಟೇಪು ಹಿಡಿದು ಇಬ್ಬರೂ ಅಳೆದರಂತೆ. ಹಿಡಿಯುತ್ತದೆ, ಪಕ್ಕದವರ ಸ್ಕೂಟರ್ ಒಂದು ಮೊಳ ಸರಿದರೆ.